ದಿವಂಗತ ಶಂಕರನಾಗ್ ಅವರ ಜೀವನಚರಿತ್ರೆ

ವಿದ್ಯಾಶಾಲೆಯ ಸ್ಮರಣಸಂಚಿಕೆಯಲ್ಲಿ ಕವಿಗಳ, ದೇಶಭಕ್ತರ, ಶಾಸ್ತ್ರಜ್ಞರ ಚರಿತ್ರೆಗಳನ್ನು ಬರೆಯುವುದು ಬಹುಕಾಲದಿಂದ ನಡೆದುಬಂದ ವಾಡಿಕೆಯಾಗಿದೆ. ಚಲಚ್ಚಿತ್ರದ ನಟರೊಬ್ಬರ ಚರಿತ್ರೆಯನ್ನು ವಿದ್ಯಾರ್ಥಿನಿಯರ ಮುಂದಿಡುವುದು ಯುಕ್ತವೋ ಅಯುಕ್ತವೋ ಎಂದು ಕೆಲವು ಹಿರಿಯರು ಸಂಶಯಪಡಬಹುದು. ಚಿತ್ರನಟನೆಂದರೆ ಬಣ್ಣ ಹಚ್ಚಿಕೊಂಡು, ಕುಣಿದು, ಹೊಡೆದಾಡಿ, ಹಣವನ್ನು ಸಂಪಾದಿಸಿ, ಸುಖವಾಗಿ ಕಾಲ ಕಳೆಯುವವನು ಎಂಬ ಭಾವನೆಯು ಜನರಲ್ಲಿ ಬೇರೂರಿರುವುದೇ ಇದಕ್ಕೆ ಕಾರಣವು. ಆದರೆ ನಾವು ಈಗ ಹೇಳಹೊರಟಿರುವ ಶ್ರೀ ಶಂಕರನಾಗ್ ಅವರು ನಮ್ಮ ಹೊನ್ನಾವರ ತಾಲೂಕಿನಲ್ಲಿಯೇ ಜನಿಸಿ, ಕೇವಲ 12 ವರ್ಷಗಳ ಕಾಲ ಬೆಳ್ಳಿತೆರೆಯ ಮೇಲೆ ದುಡಿದು, 36 ವರ್ಷ ತುಂಬುವ ಮೊದಲೇ ಇಹಲೋಕವನ್ನು ಬಿಟ್ಟವರು. ಆ ಅಲ್ಪಾವಧಿಯಲ್ಲಿ ಅವರು ಸಂಪಾದಿಸಿದ್ದೇನು, ಸಂಪಾದಿಸಿದ್ದನ್ನು ಯಾವುದಕ್ಕೆ ವ್ಯಯಮಾಡಿದರು ಎಂಬುದನ್ನು ತಿಳಿದರೆ ಮೇಲಿನ ಸಂಶಯವು ತಾನಾಗಿಯೇ ಪರಿಹಾರವಾಗುವುದೆಂದು ನಂಬಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಶಂಕರನಾಗರು 1954ನೆಯ ಇಸವಿ ನವೆಂಬರ್ 9ನೆಯ ತಾರೀಖಿನಂದು ಹೊನ್ನಾವರ ತಾಲೂಕಿನ ಮಲ್ಲಾಪುರದಲ್ಲಿ ಜನಿಸಿದರು. ತಂದೆ ಸದಾನಂದ ನಾಗರಕಟ್ಟೆಯವರು, ತಾಯಿ ಆನಂದಿಯವರು. ಮನೆಮಾತು ಕೊಂಕಣಿ. ಇವರದು ಚಿತ್ರಾಪುರ ಸಾರಸ್ವತರ ಮನೆತನ. ಆ ಸಮಾಜದ ಗುರುಮಠವು ನೆರೆಯ ಭಟ್ಕಳ ತಾಲೂಕಿನ ಶಿರಾಲಿಯಲ್ಲಿರುವುದನ್ನು ನಮ್ಮ ವಾಚಕರು ಬಲ್ಲರು. ಮುಂದೆ ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಹೆಸರಾಂತ ನಟರಾದ ಅನಂತನಾಗರು ಇವರಿಗಿಂತ ಆರು ವರ್ಷ ಹಿರಿಯರಾದ ಒಡಹುಟ್ಟಿದ ಅಣ್ಣಂದಿರು. ನಾಗರಕಟ್ಟೆ ಎಂಬ ಮನೆತನದ ಹೆಸರೇ ಮೊಟಕಾಗಿ 'ನಾಗ್' ಎಂದು ಲೋಕಪ್ರಸಿದ್ಧವಾಯಿತು.

ಆ ಕಾಲದಲ್ಲಿ ನಮ್ಮ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ನೆಯ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತಾದರೂ, ಹೆಚ್ಚಿನ ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ಕುಮಟೆ, ಹೊನ್ನಾವರಗಳ ಜನರು ಮುಂಬಯಿಗೆ ಹೋಗುವ ಪದ್ಧತಿಯು ನಿಲ್ಲಲಿಲ್ಲ. ಅಣ್ಣನಂತೆ ಶಂಕರನಾಗರೂ ಆ ಮಹಾನಗರವನ್ನು ಸೇರಿದರು. ಹುಟ್ಟೂರಿನ ಸುತ್ತಲಿನ ಸೀಮೆಯಾದರೋ ಯಕ್ಷಗಾನದ ತವರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದುದು ಇದೇ ಹೊನ್ನಾವರ ತಾಲೂಕಿನಲ್ಲಿ. ಇಂತಹ ಸೀಮೆಯಿಂದ ಹೊರಟವರಿಗೆ ರಂಗಭೂಮಿಯು ಅಪರಿಚಿತವಾದ ವಸ್ತುವಾಗಿರಲಾರದಷ್ಟೆ.

ಮುಂಬಯಿಯಲ್ಲಿ ಆಗ ಮರಾಠಿ ನಾಟಕಗಳು ಅತ್ಯಂತ ಉಚ್ಛ್ರಾಯಸ್ಥಿತಿಯಲ್ಲಿದ್ದವು. ತರುಣ ಶಂಕರನಾಗರು ಆ ನಾಟಕಗಳಿಗೆ ಮನಸೋತು, ಕ್ರಮೇಣ ತಾವೂ ರಂಗವನ್ನೇರಿದರು. ನಟನೆಯೊಂದೇ ಅಲ್ಲದೆ, ರಂಗದ ಹಿಂದೆ ನಡೆಯುವ ದೀಪ, ಪರದೆ, ಧ್ವನಿ ಮುಂತಾದ ಸಕಲ ಕೆಲಸಗಳನ್ನೂ ಕಲಿಯುವ ಹಂಬಲವು ಅವರಲ್ಲಿತ್ತು. ಮುಂದೆ 1980ರಲ್ಲಿ ಅವರ ಧರ್ಮಪತ್ನಿಯಾದ ಅರುಂಧತಿಯವರ ಪರಿಚಯವಾದುದೂ ಈ ನಾಟಕಗಳ ಬಳಗದಲ್ಲಿಯೇ. ಇದೇ ಅವಧಿಯಲ್ಲಿ ಅವರು '22 ಜೂನ್ 1897' ಎಂಬ ಮರಾಠಿ ಚಿತ್ರದ ಚಿತ್ರಕಥೆಯ ರಚನೆಯಲ್ಲಿ ಭಾಗಿಗಳಾದರು. ಪುಣೆಯಲ್ಲಿ ಪ್ಲೇಗು ಹಬ್ಬಿದಾಗ ಜನರನ್ನು ಪೀಡಿಸಿದ ಆಂಗ್ಲ ಅಧಿಕಾರಿಯನ್ನು ಚಾಪೇಕರ ಸಹೋದರರು ಕೊಂದ ಇತಿಹಾಸವೇ ಆ ಚಿತ್ರದ ವಸ್ತುವು. ಹೀಗೆ ಕನ್ನಡಿಗರು ಅವರ ಮುಖವನ್ನು ಚೆನ್ನಾಗಿ ಅರಿಯುವ ಮೊದಲೇ ಅವರ ಲೇಖನಿಯು ಕೆಲಸಮಾಡತೊಡಗಿತ್ತು.

ಅವರನ್ನು ಕನ್ನಡ ಚಿತ್ರಲೋಕಕ್ಕೆ ಕರೆತಂದವರು ನಾಟಕಕಾರ ಗಿರೀಶ ಕಾರ್ನಾಡರು. ಕಾರ್ನಾಡರೂ ತಮ್ಮ ಬಾಲ್ಯವನ್ನು ನಮ್ಮ ಜಿಲ್ಲೆಯ ಸಿರ್ಸಿಯಲ್ಲಿ ಕಳೆದವರೇ. 'ಒಂದಾನೊಂದು ಕಾಲದಲ್ಲಿ' ಎಂಬ ಚಿತ್ರವನ್ನು ಅವರು 1978ರಲ್ಲಿ ನಿರ್ದೇಶಿಸಿದಾಗ ಮುಖ್ಯ ಪಾತ್ರವನ್ನು ಶಂಕರನಾಗರಿಗೆ ಒಪ್ಪಿಸಿದರು. ಹೊಯ್ಸಳರ ಕಾಲದ ಮಲೆನಾಡು. ಒಡಹುಟ್ಟಿದವರೇ ಆಗಿದ್ದು ಪರಸ್ಪರ ಹಗೆಗಳಾದ ಇಬ್ಬರು ಚಿಕ್ಕ ಪಾಳೆಯಗಾರರು. ಅವರಲ್ಲಿ ಸಂಬಳಕ್ಕೆ ನಿಂತು ಕಾದುವ ಇಬ್ಬರು ವೀರರು. ಅವರಲ್ಲೊಬ್ಬನು ಗಂಡುಗಲಿ, ಇನ್ನೊಬ್ಬನು ಪೆರ್ಮಾಡಿ. ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸರು ಅಭಿನಯಿಸಿದರು. ಗಂಡುಗಲಿಯ ಪಾತ್ರವು ಶಂಕರನಾಗರದು. ಎದುರಾಳಿಗಳಾಗಿ ಕತ್ತಿ ಹಿರಿದವರು ಒಬ್ಬರ ಪರಾಕ್ರಮವನ್ನು ಇನ್ನೊಬ್ಬರು ಅರಿತು ಮಿತ್ರರಾಗುವ ಈ ಕಥೆಯಲ್ಲಿ ಶಂಕರನಾಗರ ಚುರುಕಾದ ನಡೆ, ಗಡಸಾದ ಕಂಠ, ಹೊಳೆಯುವ ಕಣ್ಣುಗಳು ಪ್ರೇಕ್ಷಕರನ್ನು ಮೆಚ್ಚಿಸಿದವು. 1979ರಲ್ಲಿ ದಿಲ್ಲಿಯಲ್ಲಿ ನಡೆದ ಭಾರತದ 7ನೆಯ ಅಂತರರಾಷ್ಟ್ರೀಯ ಚಲಚ್ಚಿತ್ರೋತ್ಸವದಲ್ಲಿ ಉತ್ತಮ ನಟನೆಂಬ ಪ್ರಶಸ್ತಿಯು ಅವರಿಗೆ ದೊರೆಯಿತು. ಮೊದಲನೆಯ ಚಿತ್ರದಲ್ಲಿಯೇ, 24ರ ಪ್ರಾಯದಲ್ಲಿಯೇ ಇಂತಹ ಮನ್ನಣೆಯನ್ನು ಪಡೆಯುವ ಭಾಗ್ಯವು ಎಷ್ಟು ಜನ ನಟರಿಗೆ ಲಭಿಸೀತು?

ಇಷ್ಟಾದ ಮೇಲೆ ಅವರು ಕಲಾತ್ಮಕವೆಂದು ಕರೆಯಲ್ಪಡುವ ಚಿತ್ರಗಳಲ್ಲಿಯೇ ನೆಲೆಸುವರೆಂದು ಅನೇಕರು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಹಾಗಾಗಲಿಲ್ಲ. 1979ರಲ್ಲಿ 'ಸೀತಾರಾಮು', 'ಪ್ರೀತಿ ಮಾಡು ತಮಾಷೆ ನೋಡು' ಮುಂತಾದ ಚಿತ್ರಗಳ ಮೂಲಕ ಅವರು ಸಾಮಾನ್ಯ ಜನರ ನಾಯಕರಾದರು. 1980ರಲ್ಲಿ ತೆರೆಕಂಡ 'ಆಟೋರಾಜ' ಚಿತ್ರವಂತೂ ಅವರನ್ನು ಮನೆಮಾತಾಗಿಸಿತು. ಬಾಡಿಗೆಯ ರಿಕ್ಷಾ ನಡೆಸಿ ಹೊಟ್ಟೆ ಹೊರೆಯುವ ಚಾಲಕನನ್ನು ಅದುವರೆಗೆ ಕಥೆಯ ಅಂಚಿನಲ್ಲಿ ನಿಲ್ಲಿಸುತ್ತಿದ್ದುದೇ ಹೆಚ್ಚು. ಇಲ್ಲಿ ಅವನೇ ಕಥಾನಾಯಕನಾದನು. ಚಾಲಕರು ಈ ಗೌರವವನ್ನು ಮರೆಯಲಿಲ್ಲ. ನಟನು ತೀರಿಕೊಂಡು ಮೂವತ್ತೈದು ವರ್ಷಗಳು ಕಳೆದರೂ ಕರ್ನಾಟಕದ ಆಟೋರಿಕ್ಷಾಗಳ ಬೆನ್ನಿನ ಮೇಲೆ ಅವರ ಚಿತ್ರವು ಇಂದಿಗೂ ಕಾಣಸಿಗುತ್ತದೆ. ಆ ಚಾಲಕರಲ್ಲಿ ಅನೇಕರು ಅವರ ಮರಣಾನಂತರ ಹುಟ್ಟಿದವರೆಂಬುದನ್ನು ನೆನೆದರೆ ಈ ಪ್ರೀತಿಯ ಬೇರು ಎಷ್ಟು ಆಳವಾದುದೆಂದು ತಿಳಿಯುವುದು.

ಮುಂದಿನ ವರ್ಷಗಳಲ್ಲಿ ಅವರು ಹೊಡೆದಾಟದ ಚಿತ್ರಗಳ ನಾಯಕರಾಗಿ 'ಕರಾಟೆ ಕಿಂಗ್' ಎಂಬ ಬಿರುದನ್ನು ಪಡೆದರು. 1984ರ 'ಅಪೂರ್ವ ಸಂಗಮ' ಚಿತ್ರದಲ್ಲಿ ಡಾಕ್ಟರ್ ರಾಜಕುಮಾರರೊಡನೆ ಅಭಿನಯಿಸಿದರು. ಅದೇ ವರ್ಷ ಕಾರ್ನಾಡರು 'ಮೃಚ್ಛಕಟಿಕ'ವನ್ನು ಆಧರಿಸಿ ಹಿಂದಿಯಲ್ಲಿ ತೆಗೆದ 'ಉತ್ಸವ್' ಚಿತ್ರದಲ್ಲಿ ಕಳ್ಳನ ಪಾತ್ರವನ್ನು ವಹಿಸಿದರು. 1988ರಲ್ಲಿ 'ಸಾಂಗ್ಲಿಯಾನ' ಚಿತ್ರದಲ್ಲಿ ಪೋಲೀಸು ಅಧಿಕಾರಿಯಾಗಿ ಅವರು ಗಳಿಸಿದ ಕೀರ್ತಿಯು ಎಷ್ಟಿತ್ತೆಂದರೆ, ಎರಡೇ ವರ್ಷಗಳಲ್ಲಿ ಅದರ ಎರಡನೆಯ ಭಾಗವನ್ನು ತೆಗೆಯಬೇಕಾಯಿತು. 1989ರ 'ತರ್ಕ' ಚಿತ್ರವು ಹಾಡುಗಳೇ ಇಲ್ಲದೆ, ಬರಿಯ ಕುತೂಹಲದ ಬಲದಿಂದ ನಿಂತ ಪ್ರಯೋಗವು. ಒಟ್ಟಿನಲ್ಲಿ 12 ವರ್ಷಗಳಲ್ಲಿ ಅವರು ಅಭಿನಯಿಸಿದ ಚಿತ್ರಗಳ ಸಂಖ್ಯೆಯು 80ಕ್ಕೂ ಮಿಕ್ಕಿರುವುದು.

ಇಲ್ಲಿ ನಾವು ಪಕ್ಷಪಾತವಿಲ್ಲದೆ ಒಂದು ಮಾತನ್ನು ಹೇಳತಕ್ಕದ್ದು. ಈ ಎಲ್ಲ ಚಿತ್ರಗಳೂ ಉತ್ತಮವಾದವುಗಳಲ್ಲ. ಅವುಗಳಲ್ಲಿ ಹಲವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವ, ಇಂದು ಯಾರೂ ನೆನೆಯದ ಚಿತ್ರಗಳು. ಅಂತರರಾಷ್ಟ್ರೀಯ ಮನ್ನಣೆ ಪಡೆದ ನಟರು ಇಂತಹವುಗಳಲ್ಲಿ ಏಕೆ ಕಾಲ ಕಳೆದರೆಂದು ವಿಮರ್ಶಕರು ಕೇಳಿದುದುಂಟು. ಪ್ರಶ್ನೆಯು ನ್ಯಾಯವಾದುದೇ. ಆದರೆ ಒಬ್ಬರ ದುಡಿಮೆಯನ್ನು ತೂಗುವಾಗ ಸಂಪಾದನೆಯ ತಟ್ಟೆಯನ್ನು ಮಾತ್ರ ನೋಡದೆ ವ್ಯಯದ ತಟ್ಟೆಯನ್ನೂ ನೋಡಬೇಕು. ಹಗಲು ಒಂದು ಚಿತ್ರ, ಇರುಳು ಇನ್ನೊಂದು ಚಿತ್ರ ಎಂದು ದುಡಿದು, ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವಾಗ ಕಾರಿನಲ್ಲಿಯೇ ಕಣ್ಣು ಮುಚ್ಚಿ, ಅವರು ಗಳಿಸಿದುದು ಪೆಟ್ಟಿಗೆಯಲ್ಲಿ ಉಳಿಯಲಿಲ್ಲ. ಅದು ನಾಟಕಕ್ಕೆ, ತಮ್ಮ ಮನಸ್ಸಿಗೊಪ್ಪಿದ ಚಿತ್ರಗಳಿಗೆ, ಹೊಸ ಹೊಸ ಯೋಜನೆಗಳಿಗೆ ಹರಿದುಹೋಯಿತು.

ಮೊದಲು ಅವರ ನಿರ್ದೇಶನದ ಚಿತ್ರಗಳನ್ನು ನೋಡೋಣ. 1980ರಲ್ಲಿ ಅಣ್ಣತಮ್ಮಂದಿರಿಬ್ಬರೂ ಕೂಡಿ 'ಮಿಂಚಿನ ಓಟ' ಎಂಬ ಚಿತ್ರವನ್ನು ತೆರೆಗೆ ತಂದರು. ಕಾರುಗಳನ್ನು ಕದಿಯುವವರ ಕಥೆಯಿದು. ಅನಂತನಾಗ್, ಲೋಕನಾಥ್, ರಮೇಶ ಭಟ್ ಇವರೊಡನೆ ಶಂಕರನಾಗರು ತಾವೂ ನಟಿಸಿ ನಿರ್ದೇಶಿಸಿದ ಈ ಚಿತ್ರಕ್ಕೆ ರಾಜ್ಯದ ಮೊದಲನೆಯ ಉತ್ತಮ ಚಿತ್ರವೆಂಬ ಪ್ರಶಸ್ತಿಯು ಬಂದಿತು. ಕಳ್ಳರನ್ನು ಕಳ್ಳರೆಂದೇ ತೋರಿಸಿಯೂ ಅವರನ್ನು ಮನುಷ್ಯರೆಂದು ಕಾಣುವ ದೃಷ್ಟಿಯು ಅದರಲ್ಲಿತ್ತು. 1981ರಲ್ಲಿ ಬಂದ 'ಗೀತಾ' ಚಿತ್ರದ ನಾಯಿಕೆಯು ರಕ್ತದ ಅರ್ಬುದರೋಗಕ್ಕೆ ತುತ್ತಾಗುವ ತರುಣಿ. ಇಳಯರಾಜರ ಸಂಗೀತದಿಂದಾಗಿ ಅದರ ಹಾಡುಗಳು ಇಂದಿಗೂ ಜನರ ನಾಲಗೆಯ ಮೇಲಿವೆ. 1983ರಲ್ಲಿ 'ನೋಡಿ ಸ್ವಾಮಿ ನಾವಿರೋದು ಹೀಗೆ' ಎಂಬ ಹಾಸ್ಯಚಿತ್ರವು ಹೊರಬಿದ್ದಿತು.

ಇವೆಲ್ಲಕ್ಕಿಂತ ಮಿಗಿಲಾದುದು 1985ರ 'ಆಕ್ಸಿಡೆಂಟ್' ಎಂದು ನಮ್ಮ ಅಭಿಪ್ರಾಯವು. ಬೆಂಗಳೂರಿನ ರಸ್ತೆಯ ಬದಿಯಲ್ಲಿ ಬಡ ಕೂಲಿಗಾರರು ಮಲಗಿದ್ದಾರೆ. ಮತ್ತಿನಲ್ಲಿ ಕಾರು ನಡೆಸುತ್ತ ಬಂದ ಶ್ರೀಮಂತ ತರುಣನು ಅವರ ಮೇಲೆ ಕಾರು ಹಾಯಿಸಿ ಪ್ರಾಣ ತೆಗೆಯುತ್ತಾನೆ. ಅವನ ತಂದೆಯು ರಾಜಕಾರಣದಲ್ಲಿ ಬಲ್ಲಿದನಾದುದರಿಂದ ಸಂಗತಿಯನ್ನು ಮುಚ್ಚಿಹಾಕುವ ಯತ್ನವು ನಡೆಯುತ್ತದೆ. ಸತ್ಯವನ್ನು ಹೊರಗೆಳೆಯಲು ಹೆಣಗುವ ಪತ್ರಕರ್ತನ ಪಾತ್ರವನ್ನು ಶಂಕರನಾಗರೂ, ರಾಜಕಾರಣಿಯ ಪಾತ್ರವನ್ನು ಅನಂತನಾಗರೂ ವಹಿಸಿದರು. ತೆರೆಯ ಮೇಲೆ ಒಂದೇ ಏಟಿಗೆ ಹತ್ತು ಮಂದಿಯನ್ನು ಉರುಳಿಸುತ್ತಿದ್ದ ನಾಯಕರು ಇಲ್ಲಿ ಲೇಖನಿಯೊಂದನ್ನೇ ಆಯುಧವಾಗಿ ಹಿಡಿದು, ಅಧಿಕಾರದ ಎದುರಿಗೆ ನಿಲ್ಲುವ ಸಾಧಾರಣ ಮನುಷ್ಯರಾಗಿ ಕಾಣಿಸಿಕೊಂಡರು. ಸಾಮಾಜಿಕ ಸಮಸ್ಯೆಯನ್ನು ಕುರಿತ ಉತ್ತಮ ಚಿತ್ರವೆಂದು ಇದಕ್ಕೆ ರಾಷ್ಟ್ರಪ್ರಶಸ್ತಿಯು ಲಭಿಸಿತು. ಬೀದಿಯ ಬದಿಯಲ್ಲಿ ಮಲಗುವವನ ಪ್ರಾಣಕ್ಕೆ ಬೆಲೆಯುಂಟೇ ಎಂದು ಆ ಚಿತ್ರವು ಕೇಳಿದ ಪ್ರಶ್ನೆಯು ಇಂದಿಗೂ ಹಳೆಯದಾಗಿಲ್ಲ.

1987ರಲ್ಲಿ ಅವರು ರಾಜಕುಮಾರರನ್ನು ನಾಯಕರನ್ನಾಗಿ ಮಾಡಿ 'ಒಂದು ಮುತ್ತಿನ ಕಥೆ'ಯನ್ನು ನಿರ್ದೇಶಿಸಿದರು. ಅಮೆರಿಕದ ಕಾದಂಬರಿಕಾರ ಸ್ಟೈನ್‌ಬೆಕ್ ಎಂಬವರ ಮುತ್ತಿನ ಕಥೆಯು ಇದಕ್ಕೆ ಪ್ರೇರಣೆ. ಕಡಲಿಗಿಳಿದು ಬದುಕುವ ಬಡವನಿಗೆ ಅನರ್ಘ್ಯವಾದ ಮುತ್ತು ದೊರೆತು, ಅದರ ಬೆನ್ನಿಗೆ ಲೋಕದ ದುರಾಶೆಯು ಅವನ ಗುಡಿಸಲಿಗೆ ನುಗ್ಗುವುದೇ ಕಥಾಸಾರವು. ಅಘನಾಶಿನಿಯ ಅಳಿವೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತು ಬಳಚು ಹೆಕ್ಕುವ ತಾಯಂದಿರನ್ನು ದಿನವೂ ಕಾಣುವ ನಮಗೆ ಇಂತಹ ಕಥೆಯು ಮನಮುಟ್ಟದೆ ಇರದು. ನೀರಿನೊಳಗೆ ಇಳಿದು ಚಿತ್ರ ತೆಗೆಯುವುದು ಕನ್ನಡಕ್ಕೆ ಆಗ ಅಪರೂಪದ ಸಾಹಸವಾಗಿತ್ತು. ಹಣದ ದೃಷ್ಟಿಯಿಂದ ಚಿತ್ರವು ನಿರೀಕ್ಷಿಸಿದಷ್ಟು ಗೆಲ್ಲಲಿಲ್ಲ. ಆದರೆ ಸೋಲನ್ನು ಹೊರುವ ಧೈರ್ಯವಿಲ್ಲದವರಿಂದ ಹೊಸತು ಯಾವುದೂ ಆಗಲಾರದೆಂಬುದಕ್ಕೆ ಅದು ಒಳ್ಳೆಯ ನಿದರ್ಶನವಾಗಿದೆ.

ಕನ್ನಡನಾಡಿನ ಹೊರಗೂ ಶಂಕರನಾಗರ ಹೆಸರನ್ನು ಶಾಶ್ವತಗೊಳಿಸಿದುದು 'ಮಾಲ್ಗುಡಿ ಡೇಸ್'. ಆರ್. ಕೆ. ನಾರಾಯಣರು ತಮ್ಮ ಕಥೆಗಳಿಗಾಗಿ ಕಲ್ಪಿಸಿದ ಮಾಲ್ಗುಡಿ ಎಂಬ ಊರು ಯಾವ ನಕಾಶೆಯಲ್ಲಿಯೂ ಇಲ್ಲ. ದೂರದರ್ಶನಕ್ಕಾಗಿ ಆ ಕಥೆಗಳನ್ನು ತೆಗೆಯುವಾಗ ಶಂಕರನಾಗರು ಆ ಊರನ್ನು ಘಟ್ಟದ ಮೇಲಣ ಆಗುಂಬೆಯಲ್ಲಿ ಕಂಡರು. ಮಳೆಯ ಆ ಊರಿನ ಹಳೆಯ ಮನೆ, ಕಂಬದ ಜಗಲಿ, ಕಿರಿದಾದ ಬೀದಿಗಳೇ ಮಾಲ್ಗುಡಿಯಾದವು. ಶಿವಮೊಗ್ಗ ಜಿಲ್ಲೆಯ ಅರಸಾಳು ಎಂಬ ಸಣ್ಣ ರೇಲ್ವೆ ನಿಲ್ದಾಣವು ಮಾಲ್ಗುಡಿಯ ನಿಲ್ದಾಣವಾಯಿತು. ಸ್ವಾಮಿಯೆಂಬ ಬಾಲಕನಾಗಿ ಮಾಸ್ಟರ್ ಮಂಜುನಾಥ, ಅವನ ತಂದೆಯಾಗಿ ಗಿರೀಶ ಕಾರ್ನಾಡರು, ತಾಯಿಯಾಗಿ ವೈಶಾಲಿ ಕಾಸರವಳ್ಳಿಯವರು ಅಭಿನಯಿಸಿದರು. ಎಲ್. ವೈದ್ಯನಾಥನ್ ಅವರ ಸಂಗೀತವೂ, ಆರ್. ಕೆ. ಲಕ್ಷ್ಮಣರ ರೇಖಾಚಿತ್ರಗಳೂ ಅದಕ್ಕೆ ಶೋಭೆಯನ್ನಿತ್ತವು. ಶಂಕರನಾಗರು ನಿರ್ದೇಶಿಸಿದ ಕಂತುಗಳು 39. ಹೊಡೆದಾಟದ ನಾಯಕರೆಂದು ಹೆಸರಾದವರು ಇಲ್ಲಿ ಹುಡುಗನೊಬ್ಬನ ಪರೀಕ್ಷೆಯ ಭಯವನ್ನು, ಅಜ್ಜಿಯ ಮಡಿಲನ್ನು, ಗೆಳೆಯನ ಅಗಲಿಕೆಯನ್ನು ಎಷ್ಟು ಮೃದುವಾಗಿ ಚಿತ್ರಿಸಿದರೆಂಬುದನ್ನು ನೋಡಿದವರೇ ಬಲ್ಲರು. ನಮ್ಮ ವಿದ್ಯಾರ್ಥಿನಿಯರ ತಾಯಂದಿರಲ್ಲಿ ಅನೇಕರು ಅದನ್ನು ಬಾಲ್ಯದಲ್ಲಿ ನೋಡಿ ನಲಿದವರಾಗಿರುವರು.

ಇನ್ನು ಅವರ ಇತರ ಉದ್ಯಮಗಳನ್ನು ಕುರಿತು ಕೆಲವು ಮಾತುಗಳು. ಬೆಂಗಳೂರಿಗೆ ಬಂದು ನೆಲೆಸಿದ ಶಂಕರನಾಗ್ ದಂಪತಿಗಳು 'ಸಂಕೇತ್' ಎಂಬ ನಾಟಕ ತಂಡವನ್ನು ಕಟ್ಟಿ 'ಅಂಜುಮಲ್ಲಿಗೆ', 'ಬ್ಯಾರಿಸ್ಟರ್', 'ಸಂಧ್ಯಾಛಾಯಾ', 'ನಾಗಮಂಡಲ' ಮೊದಲಾದ ನಾಟಕಗಳನ್ನಾಡಿದರು. ಚಿತ್ರಗಳಲ್ಲಿ ಬಿಡುವಿಲ್ಲದ ಬೇಡಿಕೆಯಿದ್ದಾಗಲೂ ಅವರು ನಾಟಕವನ್ನು ಬಿಡಲಿಲ್ಲ. ಕನ್ನಡ ಚಿತ್ರಗಳ ಧ್ವನಿಮುದ್ರಣಕ್ಕೆ ಬಹುಮಟ್ಟಿಗೆ ಮದರಾಸಿಗೆ ಹೋಗಬೇಕಾಗಿದ್ದ ಕಾಲದಲ್ಲಿ, ಬೆಂಗಳೂರಿನಲ್ಲಿಯೇ ಸಂಕೇತ್ ಧ್ವನಿಮುದ್ರಣಾಲಯವನ್ನು ಸ್ಥಾಪಿಸಿದರು. ಬಡವರಿಗೆ ಅಲ್ಪ ವೆಚ್ಚದಲ್ಲಿ ಬೇಗನೆ ಕಟ್ಟಬಹುದಾದ ಮನೆಗಳು, ನಂದಿಬೆಟ್ಟಕ್ಕೆ ರೋಪ್‌ವೇ, ಬೆಂಗಳೂರಿಗೆ ಮೆಟ್ರೋ ರೈಲು, ಇವೆಲ್ಲವನ್ನೂ ಅವರು 1980ರ ದಶಕದಲ್ಲಿಯೇ ಯೋಚಿಸಿ ಸರಕಾರದ ಗಮನಕ್ಕೆ ತರಲು ಯತ್ನಿಸಿದರು. ಬೆಂಗಳೂರಿನಲ್ಲಿ ಮೆಟ್ರೋ ಓಡತೊಡಗಿದುದು 2011ರಲ್ಲಿ. ಅದನ್ನು ಕನಸಿನಲ್ಲಿ ಕಂಡವರು ತೀರಿಕೊಂಡು ಆಗ 21 ವರ್ಷಗಳಾಗಿದ್ದವು.

1990ನೆಯ ಸೆಪ್ಟೆಂಬರ್ 30ರ ದಿನವು ಕನ್ನಡಿಗರಿಗೆ ದುರ್ದಿನವಾಯಿತು. ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' ನಾಟಕವನ್ನು ಚಿತ್ರವಾಗಿ ತೆಗೆಯುವ ಕಾರ್ಯಕ್ಕಾಗಿ ಶಂಕರನಾಗರು ಪತ್ನಿಯನ್ನೂ ಎಳೆಯ ಮಗಳನ್ನೂ ಕರೆದುಕೊಂಡು, ಉತ್ತರ ಕರ್ನಾಟಕದ ಲೋಕಾಪುರಕ್ಕೆ ಕಾರಿನಲ್ಲಿ ಹೊರಟಿದ್ದರು. ಇನ್ನೂ ಸರಿಯಾಗಿ ಬೆಳಗಾಗುವ ಮೊದಲೇ ದಾವಣಗೆರೆಯ ಸಮೀಪದ ಆನಗೋಡು ಎಂಬ ಹಳ್ಳಿಯ ಬಳಿ ಕಾರು ಲಾರಿಯೊಂದಕ್ಕೆ ಢಿಕ್ಕಿ ಹೊಡೆಯಿತು. ಶಂಕರನಾಗರು ಅಲ್ಲಿಯೇ ಪ್ರಾಣಬಿಟ್ಟರು. ಅರುಂಧತಿಯವರಿಗೆ ಭಾರಿಯಾದ ಗಾಯಗಳಾದವು, ಮಗಳು ಬದುಕಿಕೊಂಡಳು. ರಸ್ತೆಯಲ್ಲಿ ಸತ್ತವರ ಪರವಾಗಿ ಚಿತ್ರ ತೆಗೆದವರಿಗೆ ರಸ್ತೆಯಲ್ಲಿಯೇ ಮರಣವು ಕಾದಿತ್ತೆಂಬುದನ್ನು ನೆನೆದರೆ ಮನಸ್ಸು ಮೂಕವಾಗುತ್ತದೆ. ಅವರು ನಟಿಸಿದ್ದ 'ಸುಂದರಕಾಂಡ' ಚಿತ್ರವು 1991ರಲ್ಲಿ, ಅವರಿಲ್ಲದ ಲೋಕದಲ್ಲಿ, ತೆರೆಗೆ ಬಂದಿತು.

ಸಾಧಾರಣವಾಗಿ ಜೀವನಚರಿತ್ರೆಗಳು ಇಲ್ಲಿಗೆ ಮುಗಿಯುವುವು. ಆದರೆ ನಮ್ಮ ಬಾಲಿಕೆಯರು ವಿಶೇಷವಾಗಿ ಗಮನಿಸಬೇಕಾದ ಭಾಗವು ಈಗಲೇ ಮೊದಲಾಗುವುದು. ಪತಿಯನ್ನು ಕಳೆದುಕೊಂಡು, ತಾವೂ ದೀರ್ಘಕಾಲ ಹಾಸಿಗೆ ಹಿಡಿದಿದ್ದ ಅರುಂಧತಿಯವರು ದುಃಖದಲ್ಲಿಯೇ ಕುಳಿತುಬಿಡಲಿಲ್ಲ. ಬೆಂಗಳೂರಿನಲ್ಲಿ ನಾಟಕಕ್ಕೆಂದೇ ಒಂದು ಸುಸಜ್ಜಿತವಾದ, ಎಲ್ಲರ ಕೈಗೂ ನಿಲುಕುವ ಮಂದಿರವಿರಬೇಕೆಂಬುದು ಪತಿಪತ್ನಿಯರಿಬ್ಬರ ಬಯಕೆಯಾಗಿತ್ತು. ಅದನ್ನು ಅವರು ಕೈಬಿಡದೆ, ಮಿತ್ರರನ್ನು ಕೂಡಿಸಿಕೊಂಡು, ವರ್ಷಗಟ್ಟಲೆ ಬಾಗಿಲಿಂದ ಬಾಗಿಲಿಗೆ ಅಲೆದು ಹಣ ಕೂಡಿಸಿದರು. 2004ರಲ್ಲಿ ಜಯಪ್ರಕಾಶನಗರದಲ್ಲಿ 'ರಂಗಶಂಕರ'ವು ಬಾಗಿಲು ತೆರೆಯಿತು. ಮುನ್ನೂರಕ್ಕೂ ಮಿಕ್ಕ ಆಸನಗಳುಳ್ಳ ಆ ಮಂದಿರದಲ್ಲಿ ವರ್ಷವಿಡೀ ನಾಟಕಗಳು ನಡೆಯುತ್ತವೆ. ತಡವಾಗಿ ಬಂದವರು ಎಷ್ಟೇ ದೊಡ್ಡವರಾದರೂ ಅಲ್ಲಿ ಒಳಗೆ ಬಿಡುವ ಪದ್ಧತಿಯಿಲ್ಲ. 2010ರಲ್ಲಿ ಭಾರತ ಸರಕಾರವು ಅರುಂಧತಿಯವರಿಗೆ ಪದ್ಮಶ್ರೀ ಪದವಿಯನ್ನಿತ್ತು ಗೌರವಿಸಿತು. ಒಬ್ಬರು ಅರ್ಧಕ್ಕೆ ಬಿಟ್ಟುಹೋದ ಕೆಲಸವನ್ನು ಇನ್ನೊಬ್ಬರು ಎತ್ತಿಕೊಂಡು ಮುಗಿಸುವುದಕ್ಕಿಂತ ಮಿಗಿಲಾದ ಸ್ಮಾರಕವು ಯಾವುದಿದೆ?

ಶಂಕರನಾಗರ ಬಾಳಿನಲ್ಲಿ ಅತಿಯಾದ ಅವಸರವಿತ್ತೆಂದು ಕೆಲವರು ಹೇಳುವುದುಂಟು. ದೇಹಕ್ಕೆ ಬೇಕಾದ ವಿಶ್ರಾಂತಿಯನ್ನು ಕೊಡದೆ ದುಡಿದುದು ಅನುಕರಣೀಯವಲ್ಲವೆಂಬುದನ್ನು ನಾವೂ ಒಪ್ಪುತ್ತೇವೆ. ಸ್ವಲ್ಪ ನಿಧಾನಿಸಿದ್ದರೆ ಇನ್ನೂ ಹೆಚ್ಚು ಪಕ್ವವಾದ ಕೃತಿಗಳು ಅವರಿಂದ ಬರುತ್ತಿದ್ದವೇನೋ. ಆದರೆ ಕಾಲವನ್ನು ವ್ಯರ್ಥವಾಗಿ ಕಳೆದರೆಂದು ಅವರ ಮೇಲೆ ಯಾರೂ ದೋಷ ಹೊರಿಸಲಾರರು. ಕೀರ್ತಿಯನ್ನು ಅವರು ಆಭರಣದಂತೆ ತೊಡಲಿಲ್ಲ. ಬೀಜದ ಭತ್ತದಂತೆ ಬಿತ್ತಿದರು. ಎಲ್ಲ ಬೀಜಗಳೂ ಮೊಳೆಯಲಿಲ್ಲ, ನಿಜ. ಮೊಳೆತವುಗಳ ಫಲವನ್ನು ನಾಡು ಇಂದಿಗೂ ಉಣ್ಣುತ್ತಿದೆ. ಹೊನ್ನಾವರದ ಮಲ್ಲಾಪುರದಂತಹ ಊರಿನಿಂದ ಹೊರಟವರು ಇಷ್ಟನ್ನು ಮಾಡಬಹುದಾದರೆ, ಭಟ್ಕಳ, ಹೊನ್ನಾವರ, ಕುಮಟೆಗಳ ಊರುಕೇರಿಗಳಿಂದ ನಮ್ಮ ಶಾಲೆಗೆ ಬರುವ ಬಾಲಿಕೆಯರೂ ತಮಗೆ ದೊರೆತ ಕಾಲವನ್ನು, ಅದು ಎಷ್ಟೇ ಇರಲಿ, ಲೋಕಕ್ಕೆ ಉಪಯೋಗವಾಗುವಂತೆ ಬಳಸಬಹುದಲ್ಲವೇ? ಇನ್ನು ಮುಂದೆ ರಿಕ್ಷಾವೊಂದರ ಬೆನ್ನಿನ ಮೇಲೆ ಆ ನಗುಮುಖವನ್ನು ಕಂಡಾಗ ಅವರು ನಮ್ಮ ನೆರೆಯೂರಿನವರೆಂಬುದನ್ನೂ, ಅವರ ದುಡಿಮೆಯನ್ನೂ ನಮ್ಮ ವಾಚಕರು ನೆನೆದರೆ ಈ ಲೇಖನವು ಸಾರ್ಥಕವಾಯಿತೆಂದು ತಿಳಿಯುವೆವು.